ಹದಿಮೂರನೆಯ ಗೆಣ್ಣು

ಕಳೆದ ತಿಂಗಳು ಮಿಯಾಪುರದ ಒಬ್ಬ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ದವಡೆಹಲ್ಲು ಹುಳುಕಾಗಿತ್ತು. ಅವರು ಹತ್ತಿಯ ಉಂಡೆಯೊಂದನ್ನು ಸೀಸೆಯಲ್ಲಿ ಅದ್ದಿ ಬಾಯಿಯ ಹತ್ತಿರ ತಂದರು, ಅಷ್ಟೇ. ಲವಂಗದ ಎಣ್ಣೆಯ ವಾಸನೆ ಬಂದದ್ದೇ ತಡ, ನನ್ನ ಬಲಗೈ ತಾನಾಗಿಯೇ ದುಪಟ್ಟಾದೊಳಗೆ ಸೇರಿಕೊಂಡಿತು. ಇನ್ನೂ ಏನೂ ಮಾಡೇ ಇಲ್ಲ, ಆಗಲೇ ಹೆದರಿದಿರಾ ಎಂದು ಡಾಕ್ಟರು ತೆಲುಗಿನಲ್ಲಿ ಕೇಳಿ ನಕ್ಕರು. ಹಲ್ಲಿನ ನೋವಿಗೆ ನಾನು ಹೆದರಿರಲಿಲ್ಲ. ಆ ವಾಸನೆ ನನ್ನನ್ನು ಎಂಟು ವರ್ಷ ಹಿಂದಿನ ಒಂದು ಮಳೆಗಾಲಕ್ಕೆ, ತಾರ್ನಾಕದ ಒಂದು ಸಣ್ಣ ಕೀಟ ಪ್ರಯೋಗಾಲಯಕ್ಕೆ ಎಳೆದುಕೊಂಡು ಹೋಗಿತ್ತು. ಆ ಮಳೆಗಾಲವನ್ನು ನಾನು ಮೊದಲಿಂದ ಕೊನೆಯವರೆಗೆ ಹೆದರಿಕೊಂಡೇ ಕಳೆದೆ.

ಆಗ ನಾನು ಪಿಎಚ್‌.ಡಿ. ಮಾಡುತ್ತಿದ್ದೆ. ವಿಷಯ ಯಾವುದೆಂದು ಯಾರಾದರೂ ಕೇಳಿದರೆ ಸಾಕು, ನನಗೆ ಕೆಮ್ಮು ಬರುತ್ತಿತ್ತು. ಗೂಡು ಕಟ್ಟಿ ಸಂಸಾರ ಹೂಡುವ ಕಣಜಗಳಲ್ಲಿ ಗಂಡಿನ ಜನನಾಂಗದ ರಚನೆ, ಮತ್ತು ವಿಕಾಸದಲ್ಲಿ ಅದರ ಅರ್ಥ. ಇದನ್ನು ಸುಲ್ತಾನ್ ಬಜಾರಿನ ನಮ್ಮ ಗಲ್ಲಿಯಲ್ಲಿ, ಬಳೆ ಅಂಗಡಿಯ ಮೇಲಿನ ಮನೆಯಲ್ಲಿ, ಮಡಿ ಉಟ್ಟು ಓಡಾಡುವ ನೆಂಟರ ಮುಂದೆ ಹೇಗೆ ಹೇಳುವುದು? ಅವ್ವ ಎಲ್ಲರಿಗೂ "ನಮ್ಮ ವೈಜು ಹುಳದ ಡಾಕ್ಟರ್‌ಕಿ ಓದಾಕತ್ತಾಳ್ರೀ" ಎಂದು ಹೇಳಿ ಮುಗಿಸುತ್ತಿದ್ದಳು. ಹುಳದ ಯಾವ ಭಾಗ ಎಂದು ಅವಳೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಆದರೆ ಕೆಲಸ ಮಾತ್ರ ನನಗೆ ಜೀವದಷ್ಟು ಇಷ್ಟವಾಗಿತ್ತು. ಸತ್ತ ಗಂಡು ಕಣಜದ ಹೊಟ್ಟೆಯ ತುದಿಯನ್ನು ಬಿಡಿಸಿ, ಪೊಟ್ಯಾಷ್ ನೀರಿನಲ್ಲಿ ನೆನೆಸಿ, ಮೆತ್ತನೆಯ ಮಾಂಸವೆಲ್ಲ ಕರಗಿದ ಮೇಲೆ ಲವಂಗದ ಎಣ್ಣೆಯಲ್ಲಿ ಇಟ್ಟರೆ, ಉಳಿಯುವ ಕವಚ ಗಾಜಿನಷ್ಟು ತಿಳಿಯಾಗುತ್ತದೆ. ಆಗ ಸೂಕ್ಷ್ಮದರ್ಶಕದ ಕೆಳಗೆ ಅದು ಕಾಣುತ್ತದೆ. ಹೊರಗೆ ಎರಡು ಇಕ್ಕಳ, ಒಳಗೆ ಇನ್ನೆರಡು ಪುಟ್ಟ ಚಿಮಟ, ನಡುವೆ ಒಂದು ಕೊಳವೆ, ಆ ಕೊಳವೆಯ ಅಂಚಿಗೆ ಗರಗಸದ ಹಾಗೆ ಹಲ್ಲು. ಮೇಲ್ನೋಟಕ್ಕೆ ಅವಳಿಜವಳಿಯಂತಿರುವ ಎರಡು ಜಾತಿಯ ಕಣಜಗಳು ಈ ಒಂದು ಜಾಗದಲ್ಲಿ ಮಾತ್ರ ಬೇರೆಬೇರೆ ಎಂದು ಗೊತ್ತಾಗುತ್ತವೆ. ಬೀಗಕ್ಕೊಂದು ಕೀಲಿಯ ಹಾಗೆ ಆಯಾ ಜಾತಿಯ ಹೆಣ್ಣಿಗೆ ತಕ್ಕ ಅಂಗ ಎಂದು ಹಿಂದಿನವರು ತಿಳಿದಿದ್ದರು. ಅಷ್ಟೇ ಅಲ್ಲ, ಗಂಡು ಗಂಡುಗಳ ಪೈಪೋಟಿಯಲ್ಲಿ, ಹೆಣ್ಣಿನ ಆಯ್ಕೆಯಲ್ಲಿ ಈ ಅಂಗವೇ ಎಲ್ಲಕ್ಕಿಂತ ಬೇಗ ರೂಪ ಬದಲಿಸುತ್ತ ಬಂದಿದೆ ಎಂದು ಈಚಿನವರ ವಾದ. ನಾನು ಆ ಜಗಳದ ಒಂದು ಮೂಲೆಯಲ್ಲಿ ಕುಳಿತು ಇಕ್ಕಳದ ತುದಿಯ ಮುಳ್ಳುಗಳ ಚಿತ್ರ ಬರೆಯುತ್ತಿದ್ದೆ. ಹೆಣ್ಣನ್ನು ಹಿಡಿದು ನಿಲ್ಲಿಸಲು ಈ ಮುಳ್ಳು ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಧೈರ್ಯವಾಗಿ ಬರೆದೂ ಇದ್ದೆ.

ಧೈರ್ಯ ಎಂಬ ಮಾತು ಬಂತಲ್ಲ, ಅಲ್ಲಿಗೇ ಬರುತ್ತೇನೆ. ಹಿಂದಿನ ವರ್ಷ ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಮೇಲೆ ಸಂಡಿಗೆ ತೆಗೆಯಲು ಹೋಗಿದ್ದಾಗ ನೀರಿನ ಟಾಕಿಯ ಕೆಳಗಿನ ಗೂಡಿನಿಂದ ಒಂದು ಕಣಜ ಬಂದು ಮಣಿಕಟ್ಟಿಗೆ ಕಚ್ಚಿತ್ತು. ಐದು ನಿಮಿಷದಲ್ಲಿ ಮೈತುಂಬ ದದ್ದು. ಹತ್ತು ನಿಮಿಷದಲ್ಲಿ ಗಂಟಲು ಕಟ್ಟಿತು, ಉಸಿರು ಒಳಗೆ ಹೋಗಲೊಲ್ಲದು. ಅವ್ವ ನನ್ನನ್ನು ಆಟೋದಲ್ಲಿ ತೊಡೆಯ ಮೇಲೆ ಹಾಕಿಕೊಂಡು ದವಾಖಾನೆಗೆ ಒಯ್ದಳು. ಅಪ್ಪ ತೀರಿಕೊಂಡು ಆಗ ನಾಲ್ಕು ವರ್ಷ. ಮನೆಯಲ್ಲಿ ನಾವಿಬ್ಬರೇ. "ಹೋಗಬ್ಯಾಡವಾ, ನೀನೂ ಹೋಗಬ್ಯಾಡ" ಎಂದು ಅವಳು ದಾರಿಯುದ್ದಕ್ಕೂ ಹೇಳುತ್ತಿದ್ದದ್ದು ನನಗೆ ಕೇಳುತ್ತಿತ್ತು. ಸೂಜಿಮದ್ದು ಕೊಟ್ಟು ಉಳಿಸಿದ ಡಾಕ್ಟರು, ಇನ್ನೊಮ್ಮೆ ಕಚ್ಚಿದರೆ ಇದಕ್ಕಿಂತ ಜೋರಾಗಬಹುದು ಎಂದು ಹೇಳಿ, ಔಷಧಿಯ ಗಾಜಿನ ಶೀಶಿ ಮತ್ತು ಸಿರಿಂಜು ಸದಾ ಜೊತೆಗಿಟ್ಟುಕೊಳ್ಳಲು ಬರೆದುಕೊಟ್ಟರು. ನಾನು ಅವನ್ನು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡೆ. ಚುಚ್ಚಿಕೊಳ್ಳುವುದನ್ನು ಮೂಸಂಬಿಯ ಮೇಲೆ ಕಲಿತೆ.

ಆಮೇಲೆ ಎರಡು ಸುಳ್ಳು ಹೇಳಿದೆ. ಅವ್ವನಿಗೆ, ಇನ್ನು ಮೇಲೆ ಸತ್ತು ಒಣಗಿದ ಹುಳ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿದೆ. ನನ್ನ ಮಾರ್ಗದರ್ಶಕಿ ಸರಳಾ ಮೇಡಂಗೆ ಏನನ್ನೂ ಹೇಳಲೇ ಇಲ್ಲ. ಹೇಳಿದ್ದರೆ ಅವರು ಆ ದಿನವೇ ವಿಷಯ ಬದಲಿಸುತ್ತಿದ್ದರು. ನನಗೆ ಸಾಯುವುದಕ್ಕೂ ಹೆದರಿಕೆ, ಕೆಲಸ ಬಿಡುವುದಕ್ಕೂ ಹೆದರಿಕೆ. ಎರಡರ ನಡುವೆ ನಾನು ಹಿಡಿದುಕೊಂಡಿದ್ದ ಭರವಸೆ ಒಂದೇ: ಗಂಡು ಕಣಜ ಕಚ್ಚುವುದಿಲ್ಲ. ಕಣಜದ ವಿಷದ ಮುಳ್ಳು ಮೊದಲು ಮೊಟ್ಟೆ ಇಡುವ ನಳಿಗೆಯಾಗಿದ್ದದ್ದು, ಕಾಲಾಂತರದಲ್ಲಿ ಆಯುಧವಾಯಿತು. ಆದ್ದರಿಂದ ಅದು ಹೆಣ್ಣಿಗೆ ಮಾತ್ರ ಉಂಟು. ನನಗೆ ಬೇಕಾದದ್ದು ಗಂಡು ಮಾತ್ರ. ಹೆಣ್ಣು ಯಾವುದು ಗಂಡು ಯಾವುದು ಎಂಬುದರಲ್ಲಿ ತಪ್ಪದಿದ್ದರೆ ಸಾಕು, ನಾನು ಬದುಕುತ್ತೇನೆ.

ಅದನ್ನು ತಿಳಿಯುವುದು ಮೀಸೆಯಿಂದ. ಕಣಜದ ಮೀಸೆಗೆ ಕಬ್ಬಿನ ಹಾಗೆ ಗೆಣ್ಣುಗಳಿರುತ್ತವೆ. ಹೆಣ್ಣಿಗೆ ಹನ್ನೆರಡು, ಗಂಡಿಗೆ ಹದಿಮೂರು. ಗಂಡಿನ ಮುಖ ತುಸು ಹಳದಿ, ಮೀಸೆಯ ತುದಿ ತುಸು ಬಾಗಿರುತ್ತದೆ, ನಿಜ. ಆದರೆ ಮುಖ ನಂಬಬಾರದು, ಎಣಿಸಬೇಕು. ಆ ಒಂದು ಗೆಣ್ಣಿನ ಮೇಲೆ ನನ್ನ ಜೀವ ನಿಂತಿತ್ತು.

ಜೂನ್ ಕೊನೆಗೆ ಮಳೆ ಹಿಡಿಯಿತು. ಪ್ರಯೋಗಾಲಯದ ಹಳೆಯ ಕಟ್ಟಡದ ಸಜ್ಜಾಗಳ ಕೆಳಗೆ ಕಾಗದದ ಹೂವಿನಂಥ ಗೂಡುಗಳು. ಅವುಗಳಲ್ಲಿ ಗಂಡುಗಳು ಕಾಣಿಸಿಕೊಳ್ಳತೊಡಗಿದವು. ಗೂಡಿನಿಂದ ಅವನ್ನು ಗಾಜಿನ ಕೊಳವೆಗೆ ಹಿಡಿದು ತರುವವರು ಖಾಜಾಮಿಯಾ, ನಮ್ಮ ಲ್ಯಾಬಿನ ಅಟೆಂಡರು. ಬೀದರ್ ಕಡೆಯವರು, ಆದ್ದರಿಂದ ನನ್ನ ಜೊತೆ ಕನ್ನಡ. "ತಗೋ ಬೇಟಾ, ನಿನ್ನ ಅಳಿಯಂದಿರು ಬಂದಾರ" ಎಂದು ಕೊಳವೆಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು. ನಾನು ನಗುತ್ತಿದ್ದೆ. ನಗುತ್ತಿರುವಾಗಲೇ ಅಂಗೈ ಬೆವರುತ್ತಿತ್ತು. ಕೊಳವೆಯನ್ನು ಮಂಜುಗಡ್ಡೆಯಲ್ಲಿಟ್ಟು ಹುಳ ಮಂಕಾದ ಮೇಲೆ, ಮಸೂರ ಹಿಡಿದು ಒಂದು, ಎರಡು, ಮೂರು ಎಂದು ಎಣಿಸಬೇಕು. ಹದಿಮೂರು ಬಂದರೆ ರೆಕ್ಕೆ ಹಿಡಿದು ಹೊರಗೆ ತೆಗೆಯಬೇಕು. ಎಣಿಸಿ ಮುಗಿಸಿದ ಮೇಲೂ ಬೆರಳು ಮುಂದೆ ಹೋಗುತ್ತಿರಲಿಲ್ಲ. ಮತ್ತೆ ಎಣಿಸುತ್ತಿದ್ದೆ. ಮನೆಗೆ ಹೋಗುವ ಬಸ್ಸಿನಲ್ಲಿ ಎಲ್ಲಾದರೂ ಗುಂಯ್ ಎಂದರೆ ಎದ್ದು ನಿಲ್ಲುತ್ತಿದ್ದೆ. ಟ್ಯೂಬ್‌ಲೈಟಿನ ಗುಂಯ್‌ಗೂ ಎದ್ದದ್ದುಂಟು. ಊಟಕ್ಕೆ ಕುಳಿತಾಗ ಅವ್ವ, "ಯಾಕ ಇಷ್ಟ್ ಬಡಕಲಾಗೀದಿ? ಸತ್ತ ಹುಳ ನಿನ್ನ ತಿನ್ನಾಕತ್ತಾವೇನ?" ಎಂದು ಕೇಳಿದರೆ ಬೇಡದಿದ್ದರೂ ಇನ್ನಷ್ಟು ಅನ್ನ ಬಡಿಸಿಕೊಳ್ಳುತ್ತಿದ್ದೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ. ಮೂರು ದಿನದಿಂದ ಜಡಿಮಳೆ ಹಿಡಿದಿತ್ತು. ಕೊಳವೆಯ ಗಾಜು ಒಳಗಿನಿಂದ ಮಬ್ಬಾಗಿತ್ತು. ಒಂದು ಮೀಸೆ ಸರಿಯಾಗಿ ಕಂಡಿತು, ಎಣಿಸಿದೆ, ಹದಿಮೂರು ಬಂತು ಅನ್ನಿಸಿತು. ಇನ್ನೊಂದು ಮೀಸೆ ಕಾಣಲಿಲ್ಲ. ಆ ಹೊತ್ತಿಗೆ ಅದು ಚಳಿ ಬಿಟ್ಟು ಕಾಲಾಡಿಸುತ್ತಿತ್ತು. ಮತ್ತೆ ಮಂಜಿನಲ್ಲಿಡುವ ಬದಲು ಮುಚ್ಚಳ ತೆಗೆದು ರೆಕ್ಕೆ ಹಿಡಿದೆ. ಹಿಡಿದ ಕ್ಷಣವೇ ಅದು ಹೊಟ್ಟೆಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ನನ್ನ ಹೆಬ್ಬೆರಳ ಬುಡಕ್ಕೆ ಚುಚ್ಚಿತು.

ಚುಚ್ಚಿದ್ದು ನಿಜ. ಅದರಲ್ಲಿ ನನಗೆ ಇವತ್ತಿಗೂ ಸಂಶಯವಿಲ್ಲ. ಹುಳವನ್ನು ಬಿಟ್ಟುಬಿಟ್ಟೆ. ಮುಗಿಯಿತು ಅಂದುಕೊಂಡೆ. ಕಿವಿಯಲ್ಲಿ ಜುಮ್ಮೆಂದಿತು, ತುಟಿ ದಪ್ಪಗಾದಂತೆ ಆಯಿತು, ಗಂಟಲು ಕಟ್ಟತೊಡಗಿತು. ಚೀಲದಿಂದ ಕಂಪಾಸ್ ಬಾಕ್ಸು ತೆಗೆದು ಶೀಶಿಯ ಕುತ್ತಿಗೆ ಮುರಿಯಲು ಹೋದೆ. ಕೈ ನಡುಗಿ ಶೀಶಿ ಪೂರ್ತಿ ಒಡೆದು ಔಷಧಿಯೆಲ್ಲ ಮೇಜಿನ ಮೇಲೆ ಚೆಲ್ಲಿತು, ಬೆರಳು ಕೊಯ್ದು ರಕ್ತ ಬಂತು. ಮೂಸಂಬಿ ಎಂದೂ ನಡುಗಿರಲಿಲ್ಲ, ನಾನು ಕಲಿತದ್ದು ಅಲ್ಲಿ. "ಚಾಚಾ!" ಎಂದು ಕಿರುಚಿದೆ.

ಖಾಜಾಮಿಯಾ ಓಡಿ ಬಂದರು. ಬಂದವರು ಮೊದಲು ಮಾಡಿದ ಕೆಲಸ, ಮೇಜಿನ ಮೇಲೆ ತೆವಳುತ್ತಿದ್ದ ಕಣಜದ ಮೇಲೆ ಚಹಾದ ಗ್ಲಾಸು ಬೋರಲು ಹಾಕಿದ್ದು. ಮೂವತ್ತು ವರ್ಷದ ಅಭ್ಯಾಸ ಅವರದು, ಮಾದರಿಯನ್ನು ಕಳೆಯಬಾರದು. ಆಮೇಲೆ ನನ್ನ ಕೈ ನೋಡಿ, "ಡರೋ ನಕ್ಕೋ ಬೇಟಾ, ಇಷ್ಟಕ್ಕ ಯಾರ ಸಾಯ್ತಾರ?" ಎಂದರು. ನಾನು ಸಾಯುತ್ತೇನೆ ಚಾಚಾ ಎಂದೆ. ಅಷ್ಟರಲ್ಲಿ ಸರಳಾ ಮೇಡಂ ಬಾಗಿಲಿಗೆ ಬಂದಿದ್ದರು. "ಏಮೈಂದಿ? ನಿಜಂ ಚೆಪ್ಪು", ಏನಾಯಿತು, ನಿಜ ಹೇಳು ಎಂದು ಭುಜ ಹಿಡಿದು ಕೇಳಿದರು. ಒಂದು ವರ್ಷ ಬಚ್ಚಿಟ್ಟದ್ದನ್ನು ಎರಡೇ ಮಾತಿನಲ್ಲಿ ಹೇಳಿಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. ಖಾಜಾಮಿಯಾರನ್ನು ಆಟೋ ತರಲು ಕಳಿಸಿದರು. ಆಟೋ ಬರುವವರೆಗೆ ಒಂದು ಕೈಯಲ್ಲಿ ನನ್ನ ನಾಡಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮಸೂರ ಹಿಡಿದು ಗ್ಲಾಸಿನ ಮೇಲೆ ಬಗ್ಗಿದರು. ಅವರು ಎಣಿಸುತ್ತಿರುವುದು ತುಟಿಯ ಚಲನೆಯಿಂದ ತಿಳಿಯುತ್ತಿತ್ತು. ಅಷ್ಟು ನಿಧಾನವಾಗಿ ಯಾರೂ ಹದಿಮೂರರವರೆಗೆ ಎಣಿಸಿದ್ದನ್ನು ನಾನು ನೋಡಿಲ್ಲ.

"ಗಂಡು, ವೈಜಯಂತಿ. ಎರಡೂ ಮೀಸೆ ನೋಡಿದೆ. ವಿಷ ಇಲ್ಲ" ಎಂದರು.

ಆದರೂ ದವಾಖಾನೆಗೆ ಒಯ್ದರು. ಅಲ್ಲಿ ಮೈಮೇಲೆ ಒಂದು ದದ್ದೂ ಸಿಗಲಿಲ್ಲ. ಬರೀ ಹೆದರಿಕೆ ಎಂದರು. ಗಂಟಲು ಕಟ್ಟಿದ್ದೂ ಹೆದರಿಕೆ, ತುಟಿ ದಪ್ಪಗಾದದ್ದೂ ಹೆದರಿಕೆ. ನಾಚಿಕೆಯಿಂದ ನೆಲ ನೋಡುತ್ತ ವಾಪಸು ಬಂದೆ. ಮೇಡಂ ದಾರಿಯುದ್ದಕ್ಕೂ ಬೈದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ಅದೇ ಮೊದಲು ಕಂಡದ್ದು. ನೀನು ನನ್ನ ಲ್ಯಾಬಿನಲ್ಲಿ ಸತ್ತಿದ್ದರೆ ನಿನ್ನ ತಾಯಿಗೆ ನಾನು ಯಾವ ಮುಖ ತೋರಿಸಬೇಕಿತ್ತು ಎಂದು ಕೇಳಿದರು. 

ಮೇಜಿನ ಹತ್ತಿರ ಬಂದಾಗ ಅವರ ದನಿ ಬದಲಾಯಿತು. ಹಾಗಾದರೆ ಅದು ನಿನಗೆ ಯಾವುದರಿಂದ ಚುಚ್ಚಿತು ಎಂದರು. ಆ ಗಂಡನ್ನು ಮಂಕಾಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆವು. ಹೊಟ್ಟೆಯ ತುದಿಯನ್ನು ಮೆಲ್ಲಗೆ ಒತ್ತಿದರೆ ಆ ಎರಡು ಇಕ್ಕಳಗಳು ಹೊರಬಂದವು. ತುದಿಯಲ್ಲಿ ಎರಡು ಮುಳ್ಳು. ನಾನು ಒಂದು ವರ್ಷದಿಂದ ಚಿತ್ರ ಬರೆಯುತ್ತಿದ್ದ, ಹೆಣ್ಣನ್ನು ಹಿಡಿಯಲು ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ ಮುಳ್ಳುಗಳು.

"ಅದು ಚುಚ್ಚಿದಾಗ ನೀನೇನು ಮಾಡಿದೆ?" ಮೇಡಂ ಕೇಳಿದರು.

"ಬಿಟ್ಟುಬಿಟ್ಟೆ ಮೇಡಂ."

"ಮತ್ತೆ? ಅದಕ್ಕೆ ಬೇಕಾದದ್ದು ಅಷ್ಟೇ."

ಆಗ ನನಗೆ ಹೊಳೆಯಿತು. ಹೆಣ್ಣಿನ ಕಡಿತ ಒಮ್ಮೆ ಕಂಡ ಹಕ್ಕಿಯೋ ಹಲ್ಲಿಯೋ ಈ ಸುಳ್ಳು ಕಡಿತಕ್ಕೂ ಹೆದರಿ ಬಾಯಿ ಸಡಿಲಿಸಿದರೆ, ವಿಷವೇ ಇಲ್ಲದ ಗಂಡು ಪಾರಾಗುತ್ತದೆ. ಕೂಡಲು ಬಂದ ಅಂಗ ಹೆದರಿಸಲೂ ಒದಗಿತು. ನನ್ನಂಥ ಪುಕ್ಕಲರಿಂದಲೇ ಎಷ್ಟೋ ಗಂಡು ಕಣಜಗಳು ಜೀವ ಉಳಿಸಿಕೊಂಡಿರಬೇಕು. ಆದರೆ ಒಬ್ಬಳ ಹೆಬ್ಬೆರಳು ಸಾಕ್ಷಿಯಾಗುವುದಿಲ್ಲ. ಕನಿಷ್ಠ ಮೂವತ್ತು ಗಂಡುಗಳನ್ನು ಹಿಡಿದು, ಎಷ್ಟು ಹೀಗೆ ಮಾಡುತ್ತವೆ, ಯಾವ ಭಾಗದಿಂದ ಮಾಡುತ್ತವೆ ಎಂದು ನೋಡಬೇಕಿತ್ತು. ಮೇಡಂ ಎರಡು ಷರತ್ತು ಹಾಕಿದರು. ಕೈಗವಸು ಇಲ್ಲದೆ, ಇನ್ನೊಬ್ಬರು ಎಣಿಸಿ ಹೇಳದೆ ನಾನು ಒಂದನ್ನೂ ಮುಟ್ಟಕೂಡದು. ಮತ್ತು ಅದಕ್ಕೂ ಮೊದಲು ಮನೆಯಲ್ಲಿ ನಿಜ ಹೇಳಬೇಕು.

ಆ ಸಂಜೆ ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಎದುರಿಗೆ ಕುಳಿತು ಎಲ್ಲ ಹೇಳಿದೆ. ಆಣೆ ಮುರಿದದ್ದು, ಒಂದು ವರ್ಷ ಜೀವಂತ ಹುಳ ಮುಟ್ಟಿದ್ದು, ಇವತ್ತು ನಡೆದದ್ದು, ಮೇಡಂ ಹಾಕಿದ ಷರತ್ತು. ಹುಳದ ಯಾವ ಭಾಗ ಓದುತ್ತೇನೆ ಎಂಬುದನ್ನೂ ಹೇಳಿದೆ, ಹೇಗೂ ಹೇಳುತ್ತಿದ್ದೇನಲ್ಲ ಎಂದು. ಅವಳ ಕೈ ನಿಂತಿತು.

"ಅದಾ?" ಎಂದಳು. "ಅದಕ್ಕ ಡಾಕ್ಟರ್‌ಕಿ ಕೊಡ್ತಾರ?"

"ಹೂಂ ಅವ್ವಾ."

"ಅದರ ಸಲವಾಗಿ ನೀ ಸಾಯಾಕ ಹೊಂಟಿದ್ದಿ?"

ನಾನು ಅತ್ತೆ. ಅವಳು ಅಳಲಿಲ್ಲ. ಮತ್ತೆ ಅಕ್ಕಿ ಆರಿಸತೊಡಗಿದಳು. ಕಲ್ಲೊಂದನ್ನು ಆರಿಸಿ ಎಸೆದು, "ಬ್ಯಾಡ ಅಂದ್ರ ನೀ ಕೇಳಂಗಿಲ್ಲ. ಮತ್ತೊಂದು ಸುಳ್ಳ ಹೇಳ್ತಿ. ಎಣಸಾಕ ಮಂದಿ ಬೇಕಂದ್ಯಲ್ಲ, ನಾ ಬರ್ತೀನಿ" ಎಂದಳು.

ಹಾಗೆ ಅಕ್ಟೋಬರಿನಿಂದ ಅವ್ವ ಪ್ರಯೋಗಾಲಯಕ್ಕೆ ಬರತೊಡಗಿದಳು. ಖಾಜಾಮಿಯಾರಿಗೆ ಕಣ್ಣಿನಲ್ಲಿ ಮೋತಿಬಿಂದು, ಪೊರೆ ಬಂದು ಅವರಿಂದ ಎಣಿಸಲು ಆಗುತ್ತಿರಲಿಲ್ಲ. ಮೇಡಂ ಮೊದಲ ದಿನ ಅವಳಿಗೆ ಇಪ್ಪತ್ತು ಸತ್ತ ಕಣಜ ಕೊಟ್ಟು ಪರೀಕ್ಷೆ ಮಾಡಿದರು. ನಲವತ್ತು ವರ್ಷ ಅಕ್ಕಿಯಲ್ಲಿ ಕಲ್ಲು ಹುಡುಕಿದ ಕಣ್ಣು, ಒಂದೂ ತಪ್ಪಲಿಲ್ಲ. ಹೊಸ ಶೀಶಿ, ಸಿರಿಂಜು ಇದ್ದ ಕಂಪಾಸ್ ಬಾಕ್ಸು ಅವಳ ತೊಡೆಯ ಮೇಲೆ ಇರುತ್ತಿತ್ತು. ಬಾತ್‌ರೂಮಿಗೆ ಹೋದರೂ ಒಯ್ಯುತ್ತಿದ್ದಳು. ಲವಂಗದ ಎಣ್ಣೆಯ ವಾಸನೆಗೆ "ಮಸಾಲಿ ಅನ್ನ ಮಾಡ್ಯಾರೇನ ಅನಸ್ತದ" ಎನ್ನುವಳು. ಸೂಕ್ಷ್ಮದರ್ಶಕದಲ್ಲಿ ಇಣುಕಿ ನೋಡು ಎಂದರೆ ಮಾತ್ರ ಮುಖ ತಿರುಗಿಸುತ್ತಿದ್ದಳು. ಗಂಡು ಕಣಜ ಫಲಿತವಾಗದ ಮೊಟ್ಟೆಯಿಂದ ಹುಟ್ಟುವುದು, ಅದಕ್ಕೆ ಅಪ್ಪ ಇಲ್ಲ, ತಾಯಿಯ ಕಡೆಯ ಅಜ್ಜ ಮಾತ್ರ ಇರುತ್ತಾನೆ ಎಂದು ಒಂದು ದಿನ ಹೇಳಿದೆ. "ಪಾಪ, ತಾಯೊಬ್ಬಾಕಿನೇ?" ಎಂದು ಕೇಳಿ, ಆ ದಿನ ಮೊದಲ ಸಲ ಇಣುಕಿ ನೋಡಿದಳು. ನೋಡಿ, "ಭಾಳ ಕುಸುರಿ ಕೆಲಸ ಬಿಡವಾ" ಎಂದಳು.

ಅವಳು ಪಕ್ಕದಲ್ಲಿ ಕುಳಿತ ಮೇಲೆ ನನ್ನ ಹೆದರಿಕೆ ಕಡಿಮೆಯಾಗಲಿಲ್ಲ, ಅದು ಅವಳಿಗೂ ಹತ್ತಿತು. ಪ್ರತಿ ಹುಳಕ್ಕೂ ಅವಳ ಉಸಿರು ನಿಲ್ಲುವುದು ನನಗೆ ಕೇಳುತ್ತಿತ್ತು. ಆದರೂ ದಿನ ಕಳೆದ ಹಾಗೆ ಕೆಲಸ ನನಗೆ ಸಲೀಸಾಯಿತು. ಗಂಡುಗಳು ಒಂದೊಂದಾಗಿ ಹೊಟ್ಟೆ ಬಗ್ಗಿಸಿ ಕೈಗವಸಿನ ರಬ್ಬರಿಗೆ ಮುಳ್ಳು ಒತ್ತುತ್ತಿದ್ದವು, ನಾನು ಗುರುತು ಹಾಕಿಕೊಳ್ಳುತ್ತಿದ್ದೆ. ಇಪ್ಪತ್ತು ದಾಟಿದ ಮೇಲೆ ಮುಖ ನೋಡಿಯೇ ಗಂಡು ಎಂದುಬಿಡುತ್ತಿದ್ದೆ. ಅವ್ವ ಎಣಿಸುವವರೆಗೆ ಕಾಯುವುದು ಬೇಜಾರು ಅನ್ನಿಸತೊಡಗಿತ್ತು.

ನವೆಂಬರಿನ ಮೊದಲ ವಾರ. ಇಪ್ಪತ್ತೇಳು ಆಗಿದ್ದವು, ಗೂಡುಗಳು ಬರಿದಾಗುತ್ತಿದ್ದವು, ಮೂರು ಸಿಕ್ಕರೆ ಮುಗಿಯಿತು. ಖಾಜಾಮಿಯಾ ಆ ದಿನ ನಾಲ್ಕು ಕೊಳವೆ ತಂದಿಟ್ಟರು. ಮೊದಲನೆಯದನ್ನು ಮಂಜಿನಿಂದ ತೆಗೆದು ಬಿಳಿಯ ತಟ್ಟೆಯ ಮೇಲೆ ಸುರಿದೆ. ಹಳದಿ ಮುಖ, ಬಾಗಿದ ಮೀಸೆ. "ಅವ್ವಾ, ಗಂಡು ಇದು, ಮಾರಿ ನೋಡು" ಎಂದು ಕೈ ಚಾಚಿದೆ. ಕೈಯಲ್ಲಿ ಇದ್ದದ್ದು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ರಬ್ಬರು. ಕಣಜದ ವಿಷದ ಮುಳ್ಳಿಗೆ ಅದು ಲೆಕ್ಕವೇ ಅಲ್ಲ.

ಅವ್ವ ನನ್ನ ಕೈಗೂ ತಟ್ಟೆಗೂ ನಡುವೆ ತನ್ನ ಬರಿಗೈಯನ್ನು ಅಡ್ಡ ಇಟ್ಟಳು. "ತಡಿ" ಎಂದಳು. ಇನ್ನೊಂದು ಕೈಯಲ್ಲಿ ಮಸೂರ ಹಿಡಿದು ಬಗ್ಗಿದಳು. ಒಂದು ಮೀಸೆ ಎಣಿಸಿದಳು, ಇನ್ನೊಂದು ಎಣಿಸಿದಳು. ಮತ್ತೆ ಮೊದಲಿನದಕ್ಕೆ ಬಂದಳು.

"ಹನ್ನೆರಡು" ಎಂದಳು.

"ಸರಿ ನೋಡವ್ವಾ, ಬಾಗಿದ್ದಕ್ಕ ತುದಿ ಕಂಡಿರಂಗಿಲ್ಲ."

"ಮೂರ ಸಲ ನೋಡೀನಿ."

ಮಸೂರ ಇಸಿದುಕೊಂಡು ನಾನು ನೋಡಿದೆ. ಹನ್ನೆರಡೇ ಇದ್ದವು. ಚಳಿಗೆ ಮೀಸೆ ಮುದುಡಿ ಬಾಗಿತ್ತು, ಅಷ್ಟೇ. ನಾವು ನೋಡುತ್ತಿದ್ದಂತೆ ಅದಕ್ಕೆ ಬಿಸಿ ಹತ್ತಿ, ಹೊಟ್ಟೆಯ ತುದಿಯಿಂದ ಕೂದಲೆಳೆಯಂಥ ಕಂದು ಸೂಜಿಯೊಂದು ಮೆಲ್ಲಗೆ ಹೊರಗೆ ಬಂದು, ಒಳಗೆ ಹೋಗಿ, ಮತ್ತೆ ಹೊರಗೆ ಬಂತು. ಅವ್ವ ತಡೆಯದಿದ್ದರೆ ಅದು ಬಂದಲ್ಲಿ ನನ್ನ ಬೆರಳು ಇರುತ್ತಿತ್ತು. ಈಗ ಅವ್ವನ ಬರಿಗೈ ಇತ್ತು.

ಅವಳು ಕೈ ತೆಗೆಯಲಿಲ್ಲ. ಗ್ಲಾಸು ತಂದು ಖಾಜಾಮಿಯಾ ಹುಳದ ಮೇಲೆ ಮುಚ್ಚುವವರೆಗೂ ತೆಗೆಯಲಿಲ್ಲ. ಆಮೇಲೆ ಬೈಯುತ್ತಾಳೆ ಎಂದು ನಾನು ಕಾದೆ. ಇನ್ನು ಸಾಕು, ನಡಿ ಮನೆಗೆ ಎನ್ನುತ್ತಾಳೆ ಎಂದು ಕಾದೆ. ಅಂದಿದ್ದರೆ ಎದ್ದು ಹೋಗುತ್ತಿದ್ದೆ, ಆ ಹೊತ್ತಿಗೆ ನನ್ನಲ್ಲಿ ಹಟ ಉಳಿದಿರಲಿಲ್ಲ. ತೊಡೆಯ ಮೇಲಿನ ಡಬ್ಬಿ ಅವಳ ಕಾಲು ನಡುಗುವುದಕ್ಕೆ ಟಕಟಕ ಎನ್ನುತ್ತಿತ್ತು. ಅವಳು ಸೆರಗಿನಿಂದ ಮಸೂರ ಒರೆಸಿಕೊಂಡಳು, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಮುಂದಿಂದು ಇಡು" ಎಂದಳು.